ಬರಿಯ ಅಣಕವಲ್ಲ
2004ರ ಚಿತ್ರ ‘ಶಾನ್ ಆಫ್ ದ ಡೆಡ್’, ಜೋಂಬಿ (ಸತ್ತಮೇಲೂ ಎದ್ದು ಬಂದು ಜನರನ್ನು ಕಚ್ಚುವ ಶವ) ಚಿತ್ರಗಳ ಬರಿಯ ಅಣಕವೆಂದು ಅದರ ಕುರಿತ ಲೇಖನದಲ್ಲಿ ಲೇಖಕರು ಹೇಳಿರುವ ಮಾತನ್ನು ಒಪ್ಪಲು ನನ್ನಿಂದಾಗದು. ಸೈಮನ್ ಪೆಗ್ ಅಭಿನಯಿಸಿರುವ ಶಾನ್ ಬೆಳಿಗ್ಗೆ ಅಂಗಡಿಗೆ ನಡೆದುಹೋಗುವುದನ್ನು ನಿರ್ದೇಶಕ ಎಡ್ಗರ್ ರೈಟ್ ಎರಡು ಸಲ ದೀರ್ಘ ಶಾಟ್‌ನಲ್ಲಿ ತೋರಿಸುತ್ತಾರೆ. ಎರಡನೆಯ ಸಲ ಬೀದಿಯಲ್ಲಿ ಜೋಂಬಿಗಳು ತೂರಾಡುತ್ತಿದ್ದರೂ, ಫ್ರಿಜ್ಜಿನ ಗಾಜಿನ ಮೇಲೆ ರಕ್ತದ ಕೈಗುರುತುಗಳಿದ್ದರೂ, ಕೊನೆಗೆ ನೆಲದ ರಕ್ತದಲ್ಲಿ ತನ್ನ ಕಾಲೇ ಜಾರಿದರೂ ಅವನಿಗೆ ಏನೂ ಗೊತ್ತಾಗುವುದಿಲ್ಲ. ದಿನಚರಿಯಲ್ಲಿ ಮುಳುಗಿದ ಲಂಡನ್ನಿನ ಬದುಕನ್ನು ಇಷ್ಟು ನಿಖರವಾಗಿ ಹಿಡಿದ ದೃಶ್ಯ ಅಪರೂಪ. ಇನ್ನು, ಯಾರಿಗೂ ತೊಂದರೆಯಾಗಬಾರದೆಂದು ಜೋಂಬಿ ಕಡಿತದ ಗಾಯವನ್ನು ಮುಚ್ಚಿಟ್ಟು, ಕೊನೆಗೆ ತಾನೇ ಜೋಂಬಿಯಾದ ತಾಯಿ ಬಾರ್ಬರಾಳಿಗೆ ಮಗನೇ ಗುಂಡಿಕ್ಕಬೇಕಾಗುವ ಪ್ರಸಂಗದಲ್ಲಿ ನಗೆಯ ಲವಲೇಶವೂ ಇಲ್ಲ; ಪೆನೆಲೊಪಿ ವಿಲ್ಟನ್ ಅವರ ಸಂಯಮದ ಅಭಿನಯ ನನ್ನನ್ನು ಇಂದಿಗೂ ಕಲಕುತ್ತದೆ. ಈ ಪ್ರಕಾರದ ಪಿತಾಮಹ ಜಾರ್ಜ್ ರೊಮೆರೊ ಅವರೇ ಚಿತ್ರವನ್ನು ಮೆಚ್ಚಿ, ತಮ್ಮ 2005ರ ‘ಲ್ಯಾಂಡ್ ಆಫ್ ದ ಡೆಡ್’ನಲ್ಲಿ ಪೆಗ್ ಮತ್ತು ರೈಟ್ ಇಬ್ಬರಿಗೂ ಜೋಂಬಿಗಳ ಕಿರುಪಾತ್ರ ಕೊಟ್ಟಿದ್ದರು.