ಟ್ಯಾಂಕರ್ ಉರುಳಿದರೆ ನೋಡಲು ಹೋಗಬೇಡಿ

ಮೊನ್ನೆ ದಾವಣಗೆರೆಯಿಂದ ದುರ್ಗಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಭರಮಸಾಗರ ದಾಟಿದ ಮೇಲೆ ಹೈವೇ ಪಕ್ಕ ಒಂದು ಟ್ಯಾಂಕರ್ ಮಗ್ಗುಲಾಗಿ ಬಿದ್ದಿತ್ತು. ಘಾಟು ಮೂಗಿಗೆ ಬಡಿಯಿತು, ಕಣ್ಣಲ್ಲಿ ನೀರು ಬಂತು. ಕಿಟಕಿ ಹಾಕಿ ಅಂತ ಕಂಡಕ್ಟರ್ ಕೂಗಿದರು. ಹೊರಗೆ ನೋಡಿದರೆ ಹುಡುಗರು ಮೊಬೈಲ್ ಹಿಡಿದು ಟ್ಯಾಂಕರ್ ಕಡೆಗೇ ಓಡುತ್ತಿದ್ದರು. ಕೂಸು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ನೋಡುತ್ತಾ ನಿಂತಿದ್ದಳು. ಸೆರಗಿಂದ ಕೂಸಿನ ಮೂಗು ಮುಚ್ಚಿದ್ದಳು. ಅಂದರೆ ಘಾಟು ಅವಳಿಗೂ ಗೊತ್ತಾಗಿತ್ತು. ಅಲ್ಲಿಂದ ಹೊರಡಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಇಂಥ ಟ್ಯಾಂಕರ್‌ಗಳಲ್ಲಿ ಹೋಗುವ ವಿಷದ ಗ್ಯಾಸುಗಳಲ್ಲಿ ಕ್ಲೋರಿನ್ ಒಂದು. ಅದು ಗಾಳಿಗಿಂತ ಎರಡೂವರೆ ಪಟ್ಟು ಭಾರ. ಹಳ್ಳ, ಚರಂಡಿ, ಸೇತುವೆ ಕೆಳಗೆ ಹೋಗಿ ಕೂರುತ್ತೆ. ಅದಕ್ಕೇ ತಗ್ಗಿಗೆ ಇಳಿಯಬಾರದು. ಗಾಳಿಗೆ ಅಡ್ಡಲಾಗಿ, ಎತ್ತರದ ಕಡೆ ಹೋಗಬೇಕು. ಗಾಳಿ ಎತ್ತಲಿಂದ ಅಂತ ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ಕಣದಲ್ಲಿ ರಾಶಿ ತೂರಿದ ಜನ ನಾವು. ಒಂದು ಹಿಡಿ ಮಣ್ಣು ಬಿಟ್ಟರೆ ಸಾಕು, ಗೊತ್ತಾಗುತ್ತೆ.

ಇನ್ನೊಂದು ಮಾತು. ಇಂಥ ಗ್ಯಾಸ್ ಉಸಿರಾಡಿದವರಿಗೆ ಮೊದಲು ಬರೀ ಕೆಮ್ಮು ಇರಬಹುದು. ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಈಗ ಆರಾಮಾಗಿದ್ದೀನಿ ಅಂತ ಸುಮ್ನೆ ಮನೆಗೆ ಹೋಗಿ ಮಲಗಬೇಡಿ. ಕಣ್ಣು ಉರಿದರೆ ಕಾಲು ಗಂಟೆಯಾದರೂ ನೀರಲ್ಲಿ ತೊಳೆಯಿರಿ, ಬಟ್ಟೆ ಬದಲಿಸಿ, ಆಸ್ಪತ್ರೆಗೆ ಹೋಗಿ.

ಹೋದಾಗ ಯಾವ ಗ್ಯಾಸ್ ಅಂತ ಹೇಳುವುದು ತುಂಬಾ ಮುಖ್ಯ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸಾವಿರಾರು ಜನ ಆಸ್ಪತ್ರೆಗೆ ಓಡಿ ಬಂದಾಗ, ಇದು ಯಾವ ಗ್ಯಾಸ್, ಏನು ಔಷಧಿ ಕೊಡಬೇಕು ಅಂತ ಡಾಕ್ಟರುಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಟ್ಯಾಂಕರ್ ಮೇಲಿನ ಫಲಕದಲ್ಲಿ ನಾಲ್ಕು ಅಂಕಿ ಇರುತ್ತವೆ. 1005 ಅಮೋನಿಯಾ, 1017 ಕ್ಲೋರಿನ್, 1075 ಅಡುಗೆ ಗ್ಯಾಸ್. ದೂರದಿಂದ ಕಂಡರೆ 112ಕ್ಕೆ ಫೋನ್ ಮಾಡಿ ಆ ಅಂಕಿ ಹೇಳಿ. ಓದೋಕೆ ಅಂತ ಹತ್ತಿರ ಮಾತ್ರ ಹೋಗಬೇಡಿ.

ಅಪಾಯದ ರಾಸಾಯನಿಕ ಜಾಸ್ತಿ ಇಟ್ಟುಕೊಂಡ ಕಾರ್ಖಾನೆಯ ಸುತ್ತಲಿನ ಜನಕ್ಕೆ ಇದನ್ನೆಲ್ಲ ಮೊದಲೇ ತಿಳಿಸಬೇಕು ಅಂತ 1989ರ ನಿಯಮದಲ್ಲೇ ಇದೆ. ಆದರೆ ಕಾರ್ಖಾನೆ ಒಂದು ಕಡೆ ಇರುತ್ತೆ, ಟ್ಯಾಂಕರ್ ಎಲ್ಲರ ಊರಿನ ಮುಂದೂ ಹೋಗುತ್ತೆ ಅಲ್ವಾ? ಐಮಂಗಲ, ಭರಮಸಾಗರ, ಆನಗೋಡು, ಹೀಗೆ ಹೈವೇಗೆ ಅಂಟಿಕೊಂಡ ಊರು ನಮ್ಮಲ್ಲಿ ಎಷ್ಟಿವೆ! ಒಂದು ಸಂಜೆ ಅಗ್ನಿಶಾಮಕ ಠಾಣೆಯವರು ಬಂದು ಕನ್ನಡದಲ್ಲಿ ಹೇಳಿಕೊಟ್ಟರೆ ಸಾಕು. ಶಾಲೆ ಗೋಡೆ ಮೇಲೆ ಆ ಮೂರು ಗ್ಯಾಸಿನ ನಂಬರ್ ಬರೆಸಿದರೆ ಸಾಕು. ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನು ಕೇಳುತ್ತೇನೆ. ನಿಮ್ಮೂರಲ್ಲಿ ನೀವು ಕೇಳುತ್ತೀರಾ?