ಉಂಡೆ ಕೊಬ್ಬರಿ, ಕೊಬ್ಬರಿ ಉಂಡೆ

"ಮಿಸ್ಟರ್ ತಿಪಟೂರು, ನಿಮ್ಮ ಚೀಲದಲ್ಲಿ ಕೊಬ್ಬರಿ ಇದೆಯೇ?"

ತಿಪಟೂರು ನನ್ನ ಹೆಸರಲ್ಲ, ನಮ್ಮ ಊರಿನ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕೆಂದರು. ಬಿಡಿಸಿದೆ. ಅಪ್ಪ ಎಲ್ಲೋ ಮಧ್ಯದಲ್ಲಿ ಸಿಕ್ಕಿಕೊಂಡರು, ಊರು ಹೋಗಿ ಕೊನೆಯ ಖಾನೆಯಲ್ಲಿ ಕುಳಿತಿತು. ಅಂದಿನಿಂದ ವಿಮಾನ ನಿಲ್ದಾಣಗಳ ಮಟ್ಟಿಗೆ ನಾನು ಒಂದಿಡೀ ತಾಲ್ಲೂಕು. ಅಂಥವನನ್ನು ಹಿಡಿದು ಕೊಬ್ಬರಿ ಇದೆಯೇ ಎಂದು ಕೇಳುವುದು ಬ್ಯಾಡಗಿಯವರನ್ನು ಮೆಣಸಿನಕಾಯಿ ಉಂಟೇ ಎಂದು ಕೇಳಿದಂತೆ. ಆದರೆ ಕೌಂಟರಿನ ಹುಡುಗಿಗೆ ಇದರಲ್ಲಿ ತಮಾಷೆಯೇನೂ ಕಾಣಲಿಲ್ಲ. ಅವಳು ಲೈಟರ್, ಬ್ಯಾಟರಿ, ಪವರ್ ಬ್ಯಾಂಕ್, ಪಟಾಕಿ ಎಂದು ಪಟ್ಟಿ ಓದುತ್ತಾ ಬಂದು ಕೊಬ್ಬರಿಯಲ್ಲಿ ನಿಂತಿದ್ದಳು. ಎಲ್ಲರಿಗೂ ಅದೇ ಪ್ರಶ್ನೆ.

ನನ್ನ ಹೆಂಡತಿ ಕೌಂಟರಿನ ಕೆಳಗೆ ನನ್ನ ಕಾಲು ತುಳಿದಳು. ಆ ತುಳಿತಕ್ಕೆ ನಮ್ಮ ಮೂವತ್ತಾರು ವರ್ಷಗಳ ಸಂಸಾರದಲ್ಲಿ ಒಂದೇ ಅರ್ಥ: ಬಾಯಿ ಮುಚ್ಚಿಕೊಂಡಿರಿ. ಆದರೆ ನಾನು ನಿವೃತ್ತ ವಿಜ್ಞಾನ ಮೇಷ್ಟರು. ಪ್ರಶ್ನೆ ಕೇಳಿದರೆ ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕೆಂದು ಮಕ್ಕಳಿಗೆ ಬೆತ್ತ ತೋರಿಸಿ ಕಲಿಸಿದವನು.

"ಇದೆಯಮ್ಮ, ನಾಲ್ಕು ಉಂಡೆ ಕೊಬ್ಬರಿ ಇವೆ," ಎಂದೆ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್‌ನಲ್ಲಿ, ರಾತ್ರಿ ಹನ್ನೊಂದೂವರೆಗೆ, ಹಿಂದೆ ಐವತ್ತು ಜನರನ್ನು ನಿಲ್ಲಿಸಿಕೊಂಡು ನೆಲದ ಮೇಲೆ ಸೂಟ್‌ಕೇಸ್ ಬಿಚ್ಚುವ ಭಾಗ್ಯ ನನ್ನದಾಯಿತು. ಅದನ್ನು ಮುಚ್ಚಲು ಮನೆಯಲ್ಲಿ ಇಬ್ಬರು ಕುಳಿತಿದ್ದೆವು, ಒಬ್ಬರು ಎಳೆದಿದ್ದರು. ಸರಿಯಾಗಿ 23 ಕಿಲೋ ಬರುವಂತೆ ಮಾಡಲು ಮೂರು ದಿನ ಹಿಡಿದಿತ್ತು. ನಾನು ಪೆಟ್ಟಿಗೆ ಹೊತ್ತು ತೂಕದ ಯಂತ್ರದ ಮೇಲೆ ನಿಲ್ಲುವುದು, ಆಮೇಲೆ ಪೆಟ್ಟಿಗೆ ಬಿಟ್ಟು ನಿಲ್ಲುವುದು, ಹೆಂಡತಿ ಕಳೆಯುವ ಲೆಕ್ಕ ಮಾಡುವುದು. ಈ ಮೂರು ದಿನಗಳಲ್ಲಿ ನಾನೇ ಒಂದು ಕಿಲೋ ಇಳಿದೆನೆಂದು ಕಾಣುತ್ತದೆ, ಲೆಕ್ಕ ಒಮ್ಮೆಯೂ ತಾಳೆಯಾಗಲಿಲ್ಲ.

ಮುಚ್ಚಳ ತೆರೆದದ್ದೇ ತಡ, ಒಳಗಿದ್ದುದೆಲ್ಲ ಉಸಿರು ಬಿಟ್ಟು ಮೇಲೆದ್ದಿತು. ರಾಗಿ ಹಿಟ್ಟು, ಮೆಂತ್ಯ, ಓಂಕಾಳು, ಬಜೆ, ಹಳೆಯ ಮೆತ್ತನೆಯ ಸೀರೆ ಹರಿದು ಮಾಡಿದ ಹತ್ತಾರು ಬಟ್ಟೆ ತುಂಡುಗಳು. ಮಗಳ ಚೊಚ್ಚಲ ಬಾಣಂತನಕ್ಕೆ ಫ್ರಾಂಕ್‌ಫರ್ಟ್‌ಗೆ ಹೊರಟವರ ಪೆಟ್ಟಿಗೆ ಇನ್ನು ಹೇಗಿರುತ್ತದೆ? ಹಿಂದೆ ನಿಂತಿದ್ದ ಯುವಕನೊಬ್ಬ ನಮ್ಮ ಬಜೆಯನ್ನು ಬಗ್ಗಿ ಬಗ್ಗಿ ನೋಡಿದ. ಉಂಡೆ ಕೊಬ್ಬರಿ ನಾಲ್ಕೂ ಒಂದೊಂದು ಮೂಲೆಯಲ್ಲಿ, ಕಾಲುಚೀಲದೊಳಗೆ ಮಲಗಿದ್ದವು. ಅವನ್ನು ಎತ್ತಿ ಕೌಂಟರಿನ ಮೇಲೆ ಸಾಲಾಗಿ ಇಟ್ಟಾಗ ಹುಡುಗಿ ಅರ್ಧ ಹೆಜ್ಜೆ ಹಿಂದೆ ಸರಿದಳು.

"ಇವು ಬೆಂಕಿ ಹಿಡಿಯುತ್ತವೆ ಸರ್. ಕೈಚೀಲದಲ್ಲೂ ಬೇಡ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಗೇಟು ಇನ್ನೂ ದೂರವಿದೆ, ವಿಮಾನ ಹೊರಡುವುದು ರಾತ್ರಿ ಎರಡು ಕಳೆದ ಮೇಲೆ. ಕೊಬ್ಬರಿಯ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಿದೆನೆಂದರೆ ಊರಿನಲ್ಲಿ ಮುಖ ತೋರಿಸುವಂತಿಲ್ಲ.

ಬಲಿತ ಕಾಯಿಯನ್ನು ಕಿತ್ತ ಕೂಡಲೇ ಕೊಬ್ಬರಿಯಾಗಿಬಿಡುವುದಿಲ್ಲ. ಸಿಪ್ಪೆಸಹಿತ ಅಟ್ಟಕ್ಕೆ ಹಾಕಬೇಕು. ನಮ್ಮ ಮನೆಯಲ್ಲಿ ಬಿದಿರು ಮತ್ತು ಅಡಿಕೆ ದಬ್ಬೆ ಹಾಸಿದ ಅಟ್ಟವಿತ್ತು. ಅದರ ಮೇಲೆ ಕಾಯಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿದ್ದಿರುತ್ತಿತ್ತು. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಸ್ವಲ್ಪ ಸ್ವಲ್ಪವೇ ಕುಗ್ಗಿ ಕರಟದಿಂದ ಬಿಡಿಸಿಕೊಳ್ಳುತ್ತದೆ. ಅಪ್ಪ ತಿಂಗಳಿಗೊಮ್ಮೆ ಅಟ್ಟ ಹತ್ತಿ, ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಲೊಳಲೊಳ ಎಂದರೆ ನೀರಿದೆ, ಇಳಿದು ಬಾ. ಏನೂ ಅನ್ನದಿದ್ದರೆ ನೀರು ಹೋಗಿದೆ, ತಿರುಳು ಬಿಟ್ಟಿಲ್ಲ. ಲೊಟಲೊಟ ಎಂದಿತೋ, ಕೊಬ್ಬರಿ ಒಳಗೆ ಒಂಟಿಯಾಗಿ ಉರುಳಾಡುತ್ತಿದೆ ಎಂದರ್ಥ. ಆಗ ಸುಲಿದು, ಕರಟವನ್ನು ಹುಷಾರಾಗಿ ಒಡೆದರೆ ಕಂದು ಬಣ್ಣದ ಅಖಂಡ ಉಂಡೆ ಹೊರಬರುತ್ತದೆ. ಒಡೆಯುವವನ ಕೈ ಒಂದು ಕೂದಲೆಳೆ ತಪ್ಪಿದರೂ ಉಂಡೆ ಹೋಳಾಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಅಪ್ಪ ಮಕ್ಕಳ ಅಂಕಪಟ್ಟಿ ನೋಡುವಾಗಲೂ ಅಷ್ಟು ಗಮನ ಕೊಟ್ಟವರಲ್ಲ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ದಿನ ಅವರು ಅಟ್ಟದ ಮೇಲಿದ್ದರು. ಕೆಳಗಿನಿಂದ ಕೂಗಿ ಹೇಳಿದೆ. "ತಡಿ, ಕೇಳಿಸುತ್ತಿಲ್ಲ," ಎಂದರು. ಅವರು ಕೇಳುತ್ತಿದ್ದುದು ಕಾಯಿಯ ಮಾತನ್ನು.

ಒಂದು ವರ್ಷ ಅಲ್ಲಾಡದೆ ಕುಳಿತು ತಯಾರಾದ ಇಂಥ ಸಾಧು ಪ್ರಾಣಿಯನ್ನು ಹಿಡಿದು, ಬೆಂಕಿ ಹಚ್ಚುವ ದುಷ್ಟರ ಪಟ್ಟಿಗೆ ಸೇರಿಸಿದ್ದಾರೆ. ಸರ್ಕಾರವೇ 2025ರ ಹಂಗಾಮಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಸಾರಿದ ಬೆಳೆಯಿದು!

ಆದರೆ ಮೇಷ್ಟರಾದವನು ಸುಳ್ಳು ಹೇಳಬಾರದು. ಹುಡುಗಿ ಹೇಳಿದ್ದು ಸರಿ. ಕೊಬ್ಬರಿಯಲ್ಲಿ ಶೇ 60ಕ್ಕಿಂತ ಹೆಚ್ಚು ಎಣ್ಣೆ. ಸರಿಯಾಗಿ ಒಣಗದ ಕೊಬ್ಬರಿಯನ್ನು ಹಡಗಿನ ತಳದಲ್ಲಿ ರಾಶಿ ಸುರಿದರೆ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರುತ್ತದೆ, ಒಳಗೊಳಗೇ ಬಿಸಿಯೇರಿ ಹೊಗೆಯಾಡುತ್ತದೆ, ಕೆಲವೊಮ್ಮೆ ಉರಿಯುತ್ತದೆ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯೇ ಇದೆ. ತಾನಾಗಿಯೇ ಬಿಸಿಯಾಗುವ ವಸ್ತುಗಳ 4.2ನೇ ವರ್ಗದಲ್ಲಿ ಅದರ ವಾಸ. 2022ರಲ್ಲಿ ನಮ್ಮ ದೇಶದ ವಿಮಾನಯಾನ ಭದ್ರತೆಯವರೂ ಅದನ್ನು ಪೆಟ್ಟಿಗೆಯಲ್ಲಿ ಇಡಬಾರದ ವಸ್ತುಗಳ ಸಾಲಿಗೆ ಸೇರಿಸಿದರು. ಮೂವತ್ತೊಂದು ವರ್ಷ ದಹನಕ್ರಿಯೆಯ ಪಾಠ ಮಾಡಿದವನು ನಾನು. ಮೇಣದಬತ್ತಿ ಉರಿಸಿದೆ, ಮೆಗ್ನೀಸಿಯಂ ಪಟ್ಟಿ ಉರಿಸಿದೆ, ಒಮ್ಮೆ ಪ್ರಯೋಗಾಲಯದ ಪರದೆಯನ್ನೂ ಉರಿಸಿದೆ. ಕೊಬ್ಬರಿಯ ಕಡೆಗೆ ಬೆರಳು ತೋರಿಸಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಒಪ್ಪಿದೆನೆಂದ ಮಾತ್ರಕ್ಕೆ ಸಿಟ್ಟು ಇಳಿಯಬೇಕೆಂದೇನೂ ಇಲ್ಲ. ನಾಲ್ಕು ಉಂಡೆ ಹಡಗಿನ ರಾಶಿಯಲ್ಲ. 2024ರ ಅಕ್ಟೋಬರ್‌ನಲ್ಲಿ ಶಬರಿಮಲೆಗೆ ಹೋಗುವವರು ಇರುಮುಡಿಯ ತೆಂಗಿನಕಾಯಿಯನ್ನು ವಿಮಾನದೊಳಗೆ ಕೈಯಲ್ಲಿಯೇ ಒಯ್ಯಬಹುದೆಂದು, ಮಕರ ಸಂಕ್ರಾಂತಿ ಕಳೆದು ಜನವರಿ 20ರವರೆಗೆ, ಇದೇ ಭದ್ರತೆಯವರು ರಿಯಾಯಿತಿ ಕೊಟ್ಟರು. ಸಂತೋಷ. ಸ್ವಾಮಿಯೇ ಶರಣಂ. ಆದರೆ ಅಯ್ಯಪ್ಪನಿಗೆ ಇದ್ದ ಮರ್ಯಾದೆಯಲ್ಲಿ ಕಾಲು ಭಾಗ ಬಾಣಂತಿಗೆ ಬೇಡವೇ? ಇನ್ನು ಯುರೋಪಿನವರ ಮಾತು. ಅವರು ಪ್ರಯಾಣಿಕರು ತರುವ ಹಣ್ಣು ತರಕಾರಿಗೆಲ್ಲ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುವ ಶಿಸ್ತಿನ ಜನ. 2019ರ ಡಿಸೆಂಬರ್‌ನಿಂದ ಆ ಪತ್ರವಿಲ್ಲದೆ ಬರಬಹುದಾದವು ಐದೇ ಐದು: ಅನಾನಸ್, ಬಾಳೆ, ಖರ್ಜೂರ, ದುರಿಯನ್ ಮತ್ತು ನಮ್ಮ ತೆಂಗಿನಕಾಯಿ. ಆ ದೇಶದ ಬಾಗಿಲು ತೆಂಗಿಗೆ ತೆರೆದಿದೆ. ಅಲ್ಲಿಗೆ ಹೋಗುವ ವಾಹನದ ಬಾಗಿಲು ಮಾತ್ರ ಇಲ್ಲ. ತಪಾಸಣೆ ದಾಟಿದ ಮೇಲೆ ಸುಂಕವಿಲ್ಲದ ಅಂಗಡಿಯಲ್ಲಿ ಕಡ್ಡಿ ಗೀರಿದರೆ ಹೊತ್ತಿಕೊಳ್ಳುವ ಮದ್ಯವನ್ನು ಲೀಟರುಗಟ್ಟಲೆ ಚೀಲ ಕಟ್ಟಿ, ನಗುತ್ತಾ ಕೊಡುತ್ತಾರೆ. ಅದಕ್ಕೂ ಕಾರಣವಿರಬಹುದು. ಕೇಳುವ ತಾಳ್ಮೆ ಆಗ ನನಗಿರಲಿಲ್ಲ.

ಸಿಟ್ಟಿನಲ್ಲಿ ಇನ್ನೊಂದು ನೆನಪಾಯಿತು. ಬರುವ ದಾರಿಯಲ್ಲಿ ಕೆಂಪೇಗೌಡರ 108 ಅಡಿ ಎತ್ತರದ ಪ್ರತಿಮೆ ಕಂಡಿತ್ತು. ಅವರ ಕೈಯಲ್ಲಿರುವ ಖಡ್ಗವೊಂದೇ 4 ಟನ್. ನನ್ನ ಕೈಚೀಲ 7 ಕಿಲೋ ಮೀರುವಂತಿಲ್ಲ, ಅದರಲ್ಲಿ ಅಡಿಕೆ ಕತ್ತರಿಯೂ ಇರುವಂತಿಲ್ಲ.

ಅಷ್ಟರಲ್ಲಿ ಹುಡುಗಿಯ ಕಣ್ಣು ಹೆಂಡತಿಯ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯ ಮೇಲೆ ಬಿತ್ತು.

"ಅದರಲ್ಲೇನಿದೆ ಆಂಟಿ?"

"ಸಿಹಿ ಕಣಮ್ಮ. ಅಂಟಿನ ಉಂಡೆ."

"ಸಿಹಿಯಾದರೆ ತೊಂದರೆಯಿಲ್ಲ."

ಅಂಟಿನ ಉಂಡೆ ಎಂದರೇನು? ಅಂಟು, ಉತ್ತುತ್ತೆ, ಗೋಡಂಬಿ, ಬೆಲ್ಲ ಹೆಸರಿಗೆ. ಮುಕ್ಕಾಲು ಪಾಲು ತುರಿದ ಒಣಕೊಬ್ಬರಿ. ಆ ಡಬ್ಬಿಯಲ್ಲಿ ಆರು ಉಂಡೆ ಕೊಬ್ಬರಿಗಳ ಸಂಹಾರವಾಗಿತ್ತು. ತುರಿಯುವಾಗ ಬೆರಳಿನ ಚರ್ಮ ಕಿತ್ತುಕೊಂಡವನು ನಾನೇ, ಆದ್ದರಿಂದ ಲೆಕ್ಕ ಗೊತ್ತು. ಉಂಡೆ ಕೊಬ್ಬರಿ ಕೂಡದು, ಕೊಬ್ಬರಿ ಉಂಡೆ ಆಗಬಹುದು. ಈ ಸೂಕ್ಷ್ಮವನ್ನು ನಾನು ಹುಡುಗಿಗೆ ಬಿಡಿಸಿ ಹೇಳಲು ಬಾಯಿ ತೆರೆದೆ. ಈ ಸಲ ಹೆಂಡತಿ ತುಳಿದದ್ದು ಹಿಮ್ಮಡಿಯಿಂದ.

ಚೀಲಗಳು ಹೋದವು. ನಾಲ್ಕು ಉಂಡೆಗಳು ಎದೆಗವಚಿಕೊಂಡ ನನ್ನ ಕೈಯಲ್ಲಿ ಉಳಿದವು. ಅಕ್ಕನ ಮಗ ಕಾರಿನಲ್ಲಿ ಬಿಟ್ಟುಹೋಗಿದ್ದ. ಬಾಗಿಲ ಬಳಿ ಕಾವಲಿನವನ ಸೀಟಿಗೆ ಹೆದರಿ ನಾವು ಸಾಮಾನು ಇಳಿಸಿಕೊಂಡ ರೀತಿ, ಬಸ್ಸಿನ ಕಿಟಕಿಯಿಂದ ಮಕ್ಕಳನ್ನು ಇಳಿಸಿಕೊಂಡ ಹಾಗಿತ್ತು. ಮನೆಯಿಂದ ಹೊರಡುವಾಗ ಎಣಿಸಿದ್ದು ಐದೋ ಆರೋ, ಟ್ರಾಲಿಯಲ್ಲಿ ಇದ್ದದ್ದು ಎಷ್ಟೋ, ಯಾರು ನೋಡಿದರು? ಟಿಕೆಟ್ಟಿಲ್ಲದವರು ಒಳಗೆ ಬರುವಂತಿಲ್ಲ, ಅವನು ಇಷ್ಟು ಹೊತ್ತಿಗೆ ಹೆಬ್ಬಾಳ ದಾಟಿರುತ್ತಾನೆ.

ಕಸದ ಬುಟ್ಟಿ ಹತ್ತಿರದಲ್ಲೇ ಇತ್ತು. ಅದರ ಮುಂದೆ ನಿಂತೆ. ಕೈ ಬರಲಿಲ್ಲ. ತಿಂದು ಮುಗಿಸೋಣವೆಂದರೆ ಹಲ್ಲು ಒಪ್ಪುವುದಿಲ್ಲ, ಹೋಳು ಮಾಡಲು ಚಾಕು ಇಲ್ಲ. ಗ್ರಾನೈಟ್ ನೆಲದ ಮೇಲೆ ಗಣಪತಿಗೆ ಒಡೆದಂತೆ ಈಡುಗಾಯಿ ಒಡೆದರೆ ಹೇಗೆ ಎಂದು ಒಂದು ಕ್ಷಣ ಅನ್ನಿಸಿತು. ಬಂದೂಕು ಹಿಡಿದು ಓಡಾಡುತ್ತಿದ್ದ ಜವಾನನನ್ನು ನೋಡಿ ಭಕ್ತಿ ಇಳಿಯಿತು. ಬೆಂಚಿನ ಮೇಲೆ ಕುಳಿತು ತಲೆಯೆತ್ತಿದೆ. ಮೇಲೆಲ್ಲ ಬಿದಿರು. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದಾಗಿನಿಂದ ಉದ್ಯಾನದೊಳಗಿನ ಟರ್ಮಿನಲ್ ಎಂದು ಹೊಗಳಿಸಿಕೊಂಡ ಕಟ್ಟಡವಿದು. ನೇತಾಡುವ ಹಸಿರು ಗಿಡಗಳು, ಹೆಣೆದಂತೆ ಕಾಣುವ ಬಿದಿರಿನ ಚಾವಣಿ. ಎಲ್ಲರಿಗೂ ಅದು ಉದ್ಯಾನ. ನನ್ನ ಕಣ್ಣಿಗೆ ಅದು ಅಪ್ಪಟ ಕೊಬ್ಬರಿ ಅಟ್ಟ. ಗಾಳಿ ಹದವಾಗಿದೆ, ತೇವವಿಲ್ಲ, ಇಲಿ ಕಾಟ ಇದ್ದಂತಿಲ್ಲ. ಎಷ್ಟು ಲಕ್ಷ ಕಾಯಿ ಹಿಡಿಸಬಹುದೆಂದು ಮನಸ್ಸಿನಲ್ಲೇ ಗುಣಾಕಾರ ಮಾಡಿದೆ.

ನೆಲ ಒರೆಸುತ್ತಿದ್ದ ಹೆಂಗಸೊಬ್ಬರು ನನ್ನ ಮುಂದೆ ಬಂದು ಕೋಲು ನಿಲ್ಲಿಸಿದರು. ಒಂದು ಉಂಡೆಯನ್ನು ಕೇಳದೆಯೇ ಎತ್ತಿಕೊಂಡು, ಗೆಣ್ಣಿನಿಂದ ತಟ್ಟಿ, ಮೂಗಿಗೆ ಹಿಡಿದರು.

"ತಿಪಟೂರಿನದಾ ಸ್ವಾಮಿ?"

ಆ ರಾತ್ರಿ ಆ ಹೆಸರನ್ನು ಸರಿಯಾದ ವಸ್ತುವಿಗೆ ಇಟ್ಟವರು ಅವರೊಬ್ಬರೇ. ನಾಲ್ಕನ್ನೂ ಕೊಟ್ಟುಬಿಟ್ಟೆ. "ಯಾರಿಗೆ ಒಯ್ಯುತ್ತಿದ್ದಿರಿ?" ಎಂದರು. ಮಗಳ ಬಾಣಂತನ ಎಂದೆ. "ಬಾಣಂತಿಯದನ್ನು ನಾನು ತಗೊಳ್ಳಲಾ?" ಎಂದು ಹಿಂದೆ ಕೊಡಲು ಬಂದರು. ಮತ್ತೆ ಪಟ್ಟಿ, 1363, ಹಡಗು ಎಲ್ಲವನ್ನೂ ವಿವರಿಸಬೇಕಾಯಿತು. ಅವರು ಪೂರ್ತಿ ಕೇಳಿ, "ಉರಿಯುವುದಕ್ಕೆ ಇದಕ್ಕೇನು ರೋಗ?" ಎಂದು ಕೊಬ್ಬರಿಯನ್ನು ಬಕೆಟ್ಟಿನ ಪಕ್ಕದ ಚೀಲಕ್ಕೆ ಹಾಕಿಕೊಂಡು ಹೋದರು.

ವಲಸೆ ಕೌಂಟರಿನ ಅಧಿಕಾರಿ ಪ್ರಯಾಣದ ಉದ್ದೇಶ ಕೇಳಿದ. "ಬಾಣಂತನ," ಎಂದೆ. ನನ್ನ ಮೀಸೆಯನ್ನೂ ಪಾಸ್‌ಪೋರ್ಟನ್ನೂ ಎರಡು ಸಲ ನೋಡಿ ಮುದ್ರೆ ಒತ್ತಿದ.

ಗೇಟಿನ ಬಳಿ ಕುಳಿತಾಗ ಒಂದೂ ಕಾಲು. ನಿಜ ಹೇಳಬೇಕೆಂದರೆ ನಾನು ಬರೆಯಲು ಹೊರಟದ್ದು ಕೊಬ್ಬರಿಯ ಮೇಲಲ್ಲ, ಬಾಗಿಲಲ್ಲಿ ಕಂಡ 'ನಿರ್ಗಮನ' ಎಂಬ ಹಲಗೆಯ ಮೇಲೆ. ನಮ್ಮ ಮನೆಗಳಲ್ಲಿ ಯಾರೂ ಹೋಗುತ್ತೇನೆ ಎನ್ನುವುದಿಲ್ಲ, ಹೋಗಿಬರುತ್ತೇನೆ ಎನ್ನುತ್ತಾರೆ. ಹೋಗು ಎಂದವರನ್ನು ಅಜ್ಜಿ ಬೈಯುತ್ತಿದ್ದರು. ಅಂಥ ಭಾಷೆಯವರು ಈ ನಿರ್ಗಮನವನ್ನು ಎಲ್ಲಿಂದ ತಂದರು? ಅದು ನಾಟಕದ ಪುಸ್ತಕದಲ್ಲಿ ಕಂಸದೊಳಗೆ ಇರುವ ಪದ. ಅಲ್ಲಿಯಾದರೂ ಪಾತ್ರ ಮುಂದಿನ ಅಂಕದಲ್ಲಿ ಮರಳಿ ಬರುತ್ತದೆ. ಹೊರಡುವುದು ಎಂಬ ಕ್ರಿಯೆಯ ಬಗ್ಗೆ ಒಂದು ಗಹನವಾದ ಮಾತು ಆಗ ನನ್ನ ತಲೆಯಲ್ಲಿ ಆಕಾರ ಪಡೆಯುತ್ತಿತ್ತು, ತಿರುಳು ಇನ್ನೇನು ಕರಟ ಬಿಡುವ ಹಂತದಲ್ಲಿತ್ತು.

ಜೇಬಿನಲ್ಲಿ ಮೊಬೈಲ್ ಬಡಿದುಕೊಂಡಿತು. ಅಕ್ಕನ ಮಗ.

"ಮಾವ, ಈಗ ತಾನೇ ಮನೆ ಸೇರಿದೆ. ಡಿಕ್ಕಿಯಲ್ಲಿ ನಿಮ್ಮದೊಂದು ಬಟ್ಟೆ ಚೀಲ ಉಳಿದುಬಿಟ್ಟಿದೆ. ದಾರಿಯುದ್ದಕ್ಕೂ ತಿರುವು ಬಂದಾಗಲೆಲ್ಲ ಒಳಗೆ ಏನೋ ಗುಡುಗುಡು ಉರುಳುತ್ತಿತ್ತು. ಏಳೆಂಟು ಇರಬೇಕು. ಏನು ಮಾವ ಅದು?"

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ತಲೆಯೆತ್ತಿ ಬಿದಿರು ನೋಡುತ್ತಿದ್ದಳು.