ಒಂದನೇ ಲೇನ್ ಯಾರಪ್ಪನದು?

ಓಟದ ಟ್ರ್ಯಾಕ್‌ನ ಗೇಟಿನ ಪಕ್ಕ ಒಂದು ಬೋರ್ಡ್ ಇರುತ್ತದೆ. ಒಳಗಿನ ಲೇನ್ ವೇಗವಾಗಿ ಓಡುವವರಿಗೆ. ನಡೆಯುವವರು ಹೊರಗಿನ ಲೇನ್ ಬಳಸಿ. ಟ್ರ್ಯಾಕ್ ಮೇಲೆ ನಿಲ್ಲಬೇಡಿ. ಇದನ್ನು ಪೂರ್ತಿ ಓದಿದವನು ಒಬ್ಬನೇ, ಬರೆದ ಪೇಂಟರ್. ಉಳಿದವರಿಗೆ ಅದು ಒಂದು ಕಾಲನ್ನು ಹಿಂದಕ್ಕೆ ಮಡಚಿ ತೊಡೆ ಎಳೆದುಕೊಳ್ಳುವಾಗ ಕೈ ಊರಲು ಸಿಕ್ಕ ಆಸರೆ. ದಿನಾ ಕೈ ಊರಿ ಊರಿ ಎರಡನೇ ನಿಯಮ ಅಳಿಸಿಹೋಗಿದೆ.

ಅಂತರರಾಷ್ಟ್ರೀಯ ಅಳತೆಯ ಟ್ರ್ಯಾಕ್‌ನಲ್ಲಿ ಒಂದು ಲೇನ್ 1.22 ಮೀಟರ್ ಅಗಲ. ಒಬ್ಬ ಮನುಷ್ಯ ತೋಳು ಬೀಸಿಕೊಂಡು ಓಡಲು ಧಾರಾಳವಾಗಿ ಸಾಕು. ಮೂವರು ಗೆಳೆಯರು ಮಾತಾಡುತ್ತಾ ಸಾಲಾಗಿ ನಡೆಯಲು ಸಾಲದು. ಹಾಗಾಗಿ ತೀರಾ ಒಳಗಿನ ಒಂದನೇ ಲೇನ್‌ನಲ್ಲಿ ಶುರುವಾದ ಗೆಳೆತನ ಎರಡನೆಯದನ್ನೂ ಮೂರನೆಯದನ್ನೂ ಆವರಿಸುತ್ತದೆ. ನಾಲ್ಕನೆಯವರೂ ಬಂದ ದಿನ ಓಡುವವರಿಗೆ ಹುಲ್ಲೇ ಗತಿ.

ಇದರ ಲೆಕ್ಕ ಸ್ವಲ್ಪ ಸ್ವಾರಸ್ಯವಾಗಿದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಓಡುವ ಹುಡುಗಿಗೆ 400 ಮೀಟರ್ ಸುತ್ತಿಗೆ 96 ಸೆಕೆಂಡ್ ಬೇಕು. ಗಂಟೆಗೆ 5 ಕಿಲೋಮೀಟರ್‌ನಂತೆ ನಡೆಯುವ ಗುಂಪಿಗೆ ಹತ್ತಿರ ಹತ್ತಿರ ಐದು ನಿಮಿಷ. ಅಂದರೆ ಆಕೆ ಪ್ರತಿ 2 ನಿಮಿಷ 24 ಸೆಕೆಂಡಿಗೊಮ್ಮೆ ಅದೇ ಬೆನ್ನುಗಳನ್ನು ದಾಟಬೇಕು. ಅರ್ಧ ಗಂಟೆಯಲ್ಲಿ ಹನ್ನೆರಡು ಸಲ. ಪುಕ್ಕಟೆ ಧಾರಾವಾಹಿ. ಮೊದಲ ಕಂತು: "ಅವನಿಗೆ ಸಾಲ ಕೊಡಲೇಬಾರದಿತ್ತು ಕಣೋ." ಮೂರನೇ ಕಂತು: "ಈಗ ಫೋನೇ ಎತ್ತಲ್ಲ." ಏಳನೇ ಕಂತು: "ಹೊಸ ಕಾರು ಬೇರೆ ತಗೊಂಡಿದ್ದಾನಂತೆ!" ಅಭ್ಯಾಸ ಮುಗಿದ ಮೇಲೂ ಪಾಪ ಆಕೆ ಇನ್ನೆರಡು ಸುತ್ತು ಓಡುತ್ತಾಳೆ. ದುಡ್ಡು ವಾಪಸ್ ಬಂತೋ ಇಲ್ವೋ ಗೊತ್ತಾಗಬೇಕಲ್ಲ.

ದಾರಿ ಬೇಕಾದವರು "ಟ್ರ್ಯಾಕ್!" ಅಂತ ಕೂಗಬೇಕು. ಇದು ಎಷ್ಟೋ ಕಡೆ ಇರುವ ರೂಢಿ. ಕೇಳಿದವರು ಗಾಬರಿಯಾಗದೆ, ಅಡ್ಡ ಜಿಗಿಯದೆ ಇದ್ದರೆ ಹಿಂದಿನವರು ಬಲಗಡೆಯಿಂದ ಸಲೀಸಾಗಿ ದಾಟಿ ಹೋಗುತ್ತಾರೆ. ಆದರೆ ನಡೆಯುವುದೇ ಬೇರೆ. ಕೂಗು ಕೇಳಿದ ಕೂಡಲೇ ಮೂವರೂ ತಲೆ ಬಗ್ಗಿಸಿ ಟ್ರ್ಯಾಕ್ ನೋಡುತ್ತಾರೆ, ಅದಕ್ಕೇನಾಯಿತು ಅಂತ. ಆಮೇಲೆ ಒಬ್ಬರು ಎಡಕ್ಕೆ ಹಾರುತ್ತಾರೆ, ಇನ್ನೊಬ್ಬರು ಬಲಕ್ಕೆ. ಮೂರನೆಯವರು ನಿಂತಲ್ಲೇ ನಿಂತು, ಯಾರು ಕೂಗಿದ್ದು ಅಂತ ತಿರುಗಿ ನೋಡುತ್ತಾರೆ. ನಾಲ್ಕನೆಯವರಿಗೆ ಏನೂ ಕೇಳಿಸಿಲ್ಲ, ಎರಡೂ ಕಿವಿಯಲ್ಲಿ ಇಯರ್‌ಫೋನ್.

ಇನ್ನು ಉಲ್ಟಾ ಓಡುವವರ ಸಂಗತಿ. ಎಡಗೈ ಒಳಗಡೆ ಇರುವಂತೆ ಓಡಬೇಕು ಎಂಬುದು ಸ್ಪರ್ಧೆಯ ನಿಯಮ. ಆದರೆ 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಗಡಿಯಾರದ ದಿಕ್ಕಿನಲ್ಲೇ ಓಡಿದ್ದರು. ಕೆಲವರಿಗೆ ಆ ಕೂಟ ಇನ್ನೂ ಮುಗಿದಿಲ್ಲ. "ಎದುರಿಗೆ ಬರೋರು ಕಾಣ್ತಾರೆ, ಇದೇ ಸೇಫು" ಎಂದು ವಾದ ಬೇರೆ ಮಾಡುತ್ತಾರೆ. ಅವರ ಪ್ರಕಾರ ಟ್ರ್ಯಾಕ್‌ನಲ್ಲಿ ಇರುವ ಅಷ್ಟೂ ಜನ ತಪ್ಪು ದಿಕ್ಕಿನಲ್ಲಿ ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಕೈ ತೋರಿಸಿ ಪಕ್ಕಕ್ಕೆ ಕಳಿಸುವುದರಲ್ಲೇ ಅವರ ವ್ಯಾಯಾಮ ಮುಗಿಯುತ್ತದೆ.

ವಾಚ್ ಕಟ್ಟಿದವರದು ಇನ್ನೊಂದು ಪಂಗಡ. ಒಂದನೇ ಲೇನ್‌ನಲ್ಲಿ ಹನ್ನೆರಡೂವರೆ ಸುತ್ತು ಹಾಕಿದರೆ ಸರಿಯಾಗಿ 5 ಕಿಲೋಮೀಟರ್. ಆದರೆ ಜಿಪಿಎಸ್ ವಾಚ್ ತಿರುವುಗಳಲ್ಲಿ ಆಚೀಚೆ ತಪ್ಪುತ್ತದೆ, 4.91 ತೋರಿಸುತ್ತದೆ. ಟೇಪ್ ಹಿಡಿದು ಅಳೆದು ಗೆರೆ ಎಳೆದವರಿಗಿಂತ ಮಣಿಕಟ್ಟಿನ ಮೇಲಿರುವುದನ್ನೇ ನಂಬಿದ ಮನುಷ್ಯ 5.00 ಬರುವ ತನಕ ಬಿಡುವುದಿಲ್ಲ. ಬಂದ ತಕ್ಷಣ ಅಲ್ಲೇ, ಒಂದನೇ ಲೇನ್‌ನ ನಟ್ಟನಡುವೆ, ಬ್ರೇಕ್ ಹಾಕಿ ಗುಂಡಿ ಒತ್ತುತ್ತಾನೆ. ಹಿಂದೆ ಬರುತ್ತಿದ್ದವರು ಬೆನ್ನಿಗೆ ಬಂದು ಗುದ್ದಿದರೆ "ನೋಡ್ಕೊಂಡು ಓಡೋಕಾಗಲ್ವಾ?" ಎಂದು ಬಯ್ಯುತ್ತಾನೆ. ನಿಲ್ಲುವ ಮೊದಲು ಹಿಂದೆ ತಿರುಗಿ ನೋಡಿ ಹೊರಗೆ ಸರಿಯಲು ಎರಡು ಸೆಕೆಂಡ್ ಬೇಕು. ಆ ಎರಡು ಸೆಕೆಂಡ್ ದಾಖಲೆಯಲ್ಲಿ ಸೇರಿಕೊಂಡರೆ ಗತಿಯೇನು?

ವೇಗದ ಓಟಗಾರರೇನೂ ಸಾಚಾಗಳಲ್ಲ ಬಿಡಿ. ಟ್ರ್ಯಾಕ್ ಖಾಲಿ ಇದ್ದಾಗಲೂ ಎಂಟು ವರ್ಷದ ಮಗುವಿನ ಮೇಲೆ "ಟ್ರ್ಯಾಕ್!" ಎಂದು ಗುಡುಗುತ್ತಾರೆ. ಇಪ್ಪತ್ತು ಮೀಟರ್ ಮೊದಲೇ ಕೂಗಿದ್ದರೆ ಮಗು ಆರಾಮಾಗಿ ಸರಿಯುತ್ತಿತ್ತು. ಆದರೆ ಕಿವಿಯ ಹತ್ತಿರವೇ ಬಂದು ಕೂಗಿದರೇನೇ ಅವರಿಗೆ ಸಮಾಧಾನ. 200 ಮೀಟರ್ ಮುಗಿಯಿತೋ, ಅದೇ ಒಂದನೇ ಲೇನ್‌ನಲ್ಲಿ ಮೊಣಕಾಲಿಗೆ ಕೈಕೊಟ್ಟು ಬಗ್ಗಿ ನಿಂತು ಏದುಸಿರು ಬಿಡುತ್ತಾರೆ. ಅರ್ಧ ನಿಮಿಷದ ಹಿಂದೆ ಇದೇ ಜಾಗಕ್ಕಾಗಿ ಗಂಟಲು ಹರಿದುಕೊಂಡಿದ್ದರು. ವಾರ್ಮ್ ಅಪ್ ಕೂಡ ಅಲ್ಲೇ. ಸುಸ್ತಾದ ಮೇಲೆ ತೆವಳುವುದೂ ಅಲ್ಲೇ.

ಮೈದಾನದ ನಡುವೆ ಜಾವೆಲಿನ್ ಎಸೆಯುತ್ತಿರುವಾಗ ಬಾಟಲಿ ತರಲು ಅಡ್ಡ ಹಾಯುವವರೂ ಇದ್ದಾರೆ. ಅವರ ವಿಷಯದಲ್ಲಿ ನಾನೇನೂ ಹೇಳುವುದಿಲ್ಲ. ಜಾವೆಲಿನ್ನೇ ಹೇಳುತ್ತದೆ.

ನನಗೆ ಅರ್ಥವಾಗದ್ದು ಒಂದೇ. ಆ ಒಳಗಿನ ಲೇನ್‌ನಲ್ಲಿ ಅಂಥದ್ದೇನಿದೆ? ಇಡೀ ಟ್ರ್ಯಾಕ್‌ನಲ್ಲಿ ಅತಿ ಚಿಕ್ಕ ಸುತ್ತು ಅದು. ಒಂದೊಂದು ಲೇನ್ ಹೊರಗೆ ಹೋದಂತೆ ಸುತ್ತು ಏಳು ಮೀಟರ್‌ಗಿಂತ ಜಾಸ್ತಿ ಉದ್ದವಾಗುತ್ತದೆ. ಎಂಟನೆಯದರಲ್ಲಿ ಸುಮಾರು 453 ಮೀಟರ್. ತಿರುವೂ ಅಷ್ಟು ಬಿಗಿಯಿಲ್ಲ. ಬಯ್ಯುವವರಿಲ್ಲ, ಕೂಗುವವರಿಲ್ಲ. ಜನ ಬರುವುದು ನಡೆಯಲು, ಬೆವರು ಸುರಿಸಲು, ಹೊಟ್ಟೆ ಕರಗಿಸಲು. ಜಾಸ್ತಿ ನಡೆದಷ್ಟೂ ಲಾಭ, ಅಲ್ವಾ? ಇದನ್ನೇ ಒಂದನೇ ಲೇನ್ ತುಂಬಿಕೊಂಡಿದ್ದ ಹಿರಿಯರೊಬ್ಬರಿಗೆ ಹೇಳಿದೆ.

"ಸಾರ್, ಎಂಟನೇ ಲೇನ್‌ಗೆ ಹೋಗಿ. ಹತ್ತು ಸುತ್ತಿಗೆ ಅರ್ಧ ಕಿಲೋಮೀಟರ್‌ಗಿಂತ ಜಾಸ್ತಿ ಸಿಗುತ್ತೆ, ತೂಕ ಬೇಗ ಇಳಿಯುತ್ತೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಷ್ಟು ದೂರ ಯಾರ್ರೀ ನಡೀತಾರೆ?"